ಮಾರ್ಚ್ ಬಂದರೆ ಲಾನ್ ಕಂದುತ್ತದೆ, ಕಿತ್ತು ಹಾಕಬೇಕಾ?

ಪ್ರಶ್ನೆ: ನಮ್ಮ ಮನೆ ಹಾಸನದ ವಿದ್ಯಾನಗರದಲ್ಲಿದೆ. ಮನೆ ಮುಂದೆ 30×20 ಅಡಿ ಲಾನ್. ಮನೆ ಕಟ್ಟಿಸಿದ ವರ್ಷವೇ ಮೆಕ್ಸಿಕನ್ ಹುಲ್ಲು ಹಾಕಿಸಿದೆವು, ಈಗ ಮೂರು ವರ್ಷವಾಯಿತು. ಮಳೆಗಾಲದಲ್ಲಿ ನೋಡಲು ಎರಡು ಕಣ್ಣು ಸಾಲದು. ಶಿವರಾತ್ರಿ ಕಳೆದರೆ ಸಾಕು, ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಗೇಟಿನ ಪಕ್ಕದ ಒಂದು ಜಾಗ ಪ್ರತಿ ವರ್ಷವೂ ಎಲ್ಲಕ್ಕಿಂತ ಮೊದಲು ಒಣಗುತ್ತದೆ. ಬೆಳಗ್ಗೆ ನೀರು ಹಾಕಿದರೆ ಬಿಸಿಲಿಗೆ ಹನಿ ಕಾದು ಎಲೆ ಸುಡುತ್ತದೆ ಅಂತ ದಿನಾ ಸಂಜೆ ಹತ್ತು ನಿಮಿಷ ಪೈಪಿನಲ್ಲಿ ಹಾಕುತ್ತೇನೆ. 15 ಲೀಟರಿನ ಬಕೆಟ್ ಒಂದು ನಿಮಿಷಕ್ಕೆ ತುಂಬುವಷ್ಟು ನೀರು ಬರುತ್ತದೆ. ನಲ್ಲಿ ನೀರು ಸಾಲದೆ ಬೋರ್ ನೀರೇ ಗತಿ, ಅದು ಗಡಸು. ಹೋದ ವಾರ ಮಾಲಿ ಎರಡು ಕೆಜಿ ಯೂರಿಯಾ ಎರಚಿ ಹೋದ ಮೇಲೆ ಹುಲ್ಲಿನ ತುದಿ ಇನ್ನೂ ಸುಟ್ಟ ಹಾಗಾಗಿದೆ. ಈಗ ‘ಪೂರ್ತಿ ಕೆರೆದು ಕೆಮ್ಮಣ್ಣು, ಸಗಣಿ ಗೊಬ್ಬರ ಹಾಕೋಣ’ ಅನ್ನುತ್ತಾನೆ. ಪಕ್ಕದ ಮನೆಯವರು ಇದು ಗೊಣ್ಣೆ ಹುಳು, ಔಷಧಿ ಹೊಡೆಸಿ ಅನ್ನುತ್ತಾರೆ. ಮೇ ಮೊದಲ ವಾರ ಮಗಳ ನಿಶ್ಚಿತಾರ್ಥ ಇದೇ ಅಂಗಳದಲ್ಲಿ. ಎಲ್ಲಾ ಕಿತ್ತು ಪ್ಲಾಸ್ಟಿಕ್ ಹುಲ್ಲು ಹಾಸಿಸೋದೇ ವಾಸಿಯಾ?

ಉತ್ತರ: ನೀವು ಕೇಳಿದ್ದು ಐದಾರು ಪ್ರಶ್ನೆ, ಒಳಗಿರುವ ಭಯ ಮಾತ್ರ ಒಂದೇ. ಹುಲ್ಲು ಸತ್ತುಹೋಯಿತಾ, ಬೀಗರು ಬರುವ ಹೊತ್ತಿಗೆ ಅಂಗಳ ಬೋಳಾಗಿರುತ್ತದಾ? ನೀವು ಕಳಿಸಿದ ಫೋಟೋ ನೋಡಿದರೆ ಬಹುಪಾಲು ಜೀವ ಇದ್ದ ಹಾಗೇ ಕಾಣುತ್ತಿದೆ. ಆದರೆ ಫೋಟೋ ನಂಬಿ ಔಷಧಿ ಬರೆದುಕೊಡುವುದು ನನಗೆ ಇಷ್ಟವಿಲ್ಲ. ನೀವೇ ನೋಡಿಕೊಳ್ಳಬಹುದು, ಕಷ್ಟವೇನಲ್ಲ.

ಕಂದಿದ ಜಾಗದಲ್ಲಿ ಕೂತು, ಮೇಲಿನ ಒಣ ಎಲೆಗಳನ್ನು ಬೆರಳಿನಿಂದ ಬದಿಗೆ ಸರಿಸಿ. ಮಣ್ಣು ತಾಗುವ ಕಡೆ ಹುಲ್ಲಿನ ಬುಡ ಕಾಣುತ್ತದೆ. ಅದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಬಿಳಿ ಅಥವಾ ಕೆನೆ ಬಣ್ಣ ಇದ್ದು, ಸ್ವಲ್ಪ ಪಸೆ ಇದ್ದರೆ ಜೀವ ಇದೆ ಅಂತ ಅರ್ಥ. ಒಳಗೂ ಕಂದಾಗಿ, ಮುಟ್ಟಿದರೆ ಪುಡಿಯಾದರೆ ಅಷ್ಟು ಜಾಗ ಹೋಯಿತು. ಆಮೇಲೆ ಒಂದು ಹಿಡಿ ಹುಲ್ಲು ಹಿಡಿದು ಎಳೆಯಿರಿ. ಗಟ್ಟಿಯಾಗಿ ಹಿಡಿದುಕೊಂಡರೆ ಬೇರು ಚೆನ್ನಾಗಿದೆ. ಚಾಪೆ ಸುತ್ತಿದ ಹಾಗೆ ಎದ್ದು ಬಂದರೆ ಬೇರು ತಿನ್ನುವವರು ಯಾರೋ ಕೆಳಗಿದ್ದಾರೆ. ನಾಲ್ಕೈದು ಕಡೆ ಹೀಗೆ ನೋಡಿ, ಒಂದೇ ಕಡೆ ನೋಡಿ ತೀರ್ಮಾನಕ್ಕೆ ಬರಬೇಡಿ.

ಇನ್ನು ಕಾರಣಕ್ಕೆ ಬರೋಣ. ಹಾಸನವನ್ನು ಬಡವರ ಊಟಿ ಅನ್ನುತ್ತೇವೆ. ಆ ಹೆಸರಿನ ಮೇಲೆ ಭಾರ ಹಾಕಿ ನಮ್ಮೂರಲ್ಲಿ ಲಾನ್ ತಾನಾಗೇ ಬರುತ್ತದೆ ಅಂದುಕೊಳ್ಳುತ್ತೇವೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆ ಬೇರೆ, ಹಾಸನ ಪೇಟೆಯ ಮಳೆ ಬೇರೆ. ಇಲ್ಲಿ ನವೆಂಬರ್ ಮುಗಿದರೆ ಏಪ್ರಿಲ್ ತನಕ ಹೇಳಿಕೊಳ್ಳುವಂಥ ಮಳೆ ಇರುವುದಿಲ್ಲ. ನಡುವೆ ಒಂದು ಹೂಮಳೆ ಬಂದರೆ ಕಾಫಿಯವರಿಗೆ ಖುಷಿ, ಲಾನಿಗೆ ಅದು ಎರಡು ದಿನದ ಮಾತು.

ಇನ್ನೊಂದು ಸಂಗತಿ ಇದೆ. ನರ್ಸರಿಗಳಲ್ಲಿ ಮೆಕ್ಸಿಕನ್ ಅಂತ ಮಾರುವುದು ಸಾಮಾನ್ಯವಾಗಿ ಜೋಯ್ಸಿಯಾ ಜಾತಿಯ ಹುಲ್ಲು. ನಮ್ಮ ಗರಿಕೆಯ ಹಾಗೆ ಇದೂ ಸೆಕೆಯ ಹುಲ್ಲೇ. 27ರಿಂದ 35 ಡಿಗ್ರಿ ಇದಕ್ಕೆ ಹಿತ. ಡಿಸೆಂಬರ್, ಜನವರಿಯಲ್ಲಿ ಹಾಸನದ ರಾತ್ರಿ ಸುಮಾರು 14–15 ಡಿಗ್ರಿಗೆ ಇಳಿಯುತ್ತದೆ. ಆಗ ಇದರ ಬೆಳವಣಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಂದರೆ ನೀವು ಶಿವರಾತ್ರಿ ಹೊತ್ತಿಗೆ ನೋಡುವ ಕಂದಿನಲ್ಲಿ ಒಂದು ಪಾಲು ಚಳಿಗಾಲದ ಬಾಕಿ. ಸೆಕೆ ಏರಿದಂತೆ ಹುಲ್ಲು ಚಿಗುರಲು ಹೊರಡುತ್ತದೆ. ಅದೇ ಹೊತ್ತಿಗೆ ಮಣ್ಣಲ್ಲಿ ನೀರು ಖಾಲಿ. ನೀರು ಸಿಗದಿದ್ದರೆ ಎಲೆ ಒಣಗಿಸಿಕೊಂಡು, ಬುಡ ಮತ್ತು ನೆಲದೊಳಗಿನ ಕಾಂಡದಲ್ಲಿ ಜೀವ ಹಿಡಿದುಕೊಂಡು ಕೂರುತ್ತದೆ. ಇದು ರೋಗವಲ್ಲ, ಅದರ ಸ್ವಭಾವ.

ಯೂಟ್ಯೂಬ್ ನೋಡಿ ಕೆಡುವುದು ಇಲ್ಲೇ. ‘ಬೇಸಿಗೆ ಶುರುವಾಗುವಾಗ ಲಾನಿಗೆ ಹೀಗೆ ಮಾಡಿ’ ಅನ್ನುವ ವಿಡಿಯೋಗಳಲ್ಲಿ ಬಹಳಷ್ಟು ಅಮೆರಿಕ, ಇಂಗ್ಲೆಂಡಿನವು. ಅವರ ಬೇಸಿಗೆ ಶುರುವಾಗುವುದು ಜೂನ್‌ನಲ್ಲಿ. ಆಗ ನಮ್ಮಲ್ಲಿ ಕೊಡೆ ಬಿಚ್ಚಿರುತ್ತೇವೆ. ಅಲ್ಲಿನ ಎಷ್ಟೋ ಲಾನುಗಳಲ್ಲಿರುವುದು ಚಳಿಯಲ್ಲಿ ಚಿಗುರುವ ಹುಲ್ಲು. ಅವರ ಪಂಚಾಂಗ ಹಿಡಿದು ನಾವು ಮಾರ್ಚ್‌ನಲ್ಲಿ ಗೊಬ್ಬರ, ಕೆರೆಯೋದು, ತೂತು ಹೊಡೆಯೋದು ಎಲ್ಲಾ ಮಾಡಿದರೆ ಬಾಯಾರಿದ ಹುಲ್ಲಿಗೆ ಕೆಲಸ ಹೇರಿದಂತೆ. ನಮ್ಮೂರಲ್ಲಿ ಮಾರ್ಚ್, ಏಪ್ರಿಲ್ ಲಾನ್ ಕಾಯುವ ತಿಂಗಳು. ರಿಪೇರಿ ಏನಿದ್ದರೂ ಭರಣಿ, ಕೃತ್ತಿಕೆ ಮಳೆ ಬಿದ್ದ ಮೇಲೆ. ಮುಂದೆ ನಾನು ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ನಿಮ್ಮ ನೀರಿನ ಲೆಕ್ಕ ನೋಡೋಣ, ಯಾಕಂದರೆ ಮುಖ್ಯ ತೊಂದರೆ ಅಲ್ಲೇ ಇದೆ. ನಿಮ್ಮ ಲಾನ್ 600 ಚದರ ಅಡಿ, ಅಂದರೆ ಸುಮಾರು 56 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ಸುರಿದರೆ ಒಂದು ಮಿಲಿಮೀಟರ್ ಮಳೆ ಬಿದ್ದಷ್ಟು. ನೀವು ಹತ್ತು ನಿಮಿಷಕ್ಕೆ ಹಾಕುವುದು 150 ಲೀಟರ್. ಹಂಚಿದರೆ ಎರಡೂವರೆ ಮಿಲಿಮೀಟರ್ ಚಿಲ್ಲರೆ. ಅದು ಮೇಲಿನ ಒಂದು ಬೆರಳು ಮಣ್ಣನ್ನು ನೆನೆಸಿ, ಮರುದಿನ ಮಧ್ಯಾಹ್ನದೊಳಗೆ ಹಾರಿಹೋಗುತ್ತದೆ. ಬೇರು ನೀರಿದ್ದ ಕಡೆ ಹೋಗುತ್ತದೆ ಅಲ್ವಾ? ನೀರು ಮೇಲೇ ಇದ್ದರೆ ಬೇರೂ ಮೇಲೇ ಉಳಿಯುತ್ತದೆ. ಎರಡು ದಿನ ಊರಿಗೆ ಹೋಗಿ ಬಂದರೆ ಲಾನ್ ಸೊರಗುವುದು ಇದಕ್ಕೇ.

ಈ ಬಿಸಿಲಿಗೆ ವಾರಕ್ಕೆ ಸುಮಾರು 25 ಮಿಲಿಮೀಟರ್ ಬೇಕು. ನಿಮ್ಮ ಲಾನಿಗೆ ಅದು 1,400 ಲೀಟರ್. ನೀವು ಈಗಲೇ ವಾರಕ್ಕೆ 1,050 ಲೀಟರ್ ಸುರಿಯುತ್ತಿದ್ದೀರಿ! ಅಂದರೆ ಕೊರತೆ ತೀರಾ ಜಾಸ್ತಿ ಇಲ್ಲ, ಹಾಕುವ ಕ್ರಮ ತಪ್ಪಿದೆ. ದಿನಾ ಚಿಮುಕಿಸುವುದನ್ನು ಬಿಟ್ಟು ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 12 ಮಿಲಿಮೀಟರ್‌ನಷ್ಟು ಹಾಕಿ. ನಿಮ್ಮ ಪೈಪಿನಲ್ಲಿ ಅದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಒಂದೇ ದಿನ ಬೋರ್ ಅಷ್ಟು ಎತ್ತದಿದ್ದರೆ ಇವತ್ತು ಅರ್ಧ, ನಾಳೆ ಅರ್ಧ ಮಾಡಿ. ಪೈಪು ಹಿಡಿದು ನಿಲ್ಲುವ ಬದಲು ಒಂದು ಚಿಕ್ಕ ಸ್ಪ್ರಿಂಕ್ಲರ್ ಇಟ್ಟುಕೊಳ್ಳಿ. ಲಾನ್ ಮೇಲೆ ನಾಲ್ಕು ಕಡೆ ಖಾಲಿ ಡಬ್ಬಿ ಇಟ್ಟು, ಅದರಲ್ಲಿ 12 ಮಿಲಿಮೀಟರ್ ನಿಲ್ಲಲು ಎಷ್ಟು ಹೊತ್ತು ಬೇಕು ಅಂತ ಒಂದು ಸಲ ಸ್ಕೇಲಿನಲ್ಲಿ ಅಳೆದರೆ ಸಾಕು. ಯಾವ ಮೂಲೆಗೆ ನೀರು ತಲುಪುತ್ತಿಲ್ಲ ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ಹಾಕಿದ ಒಂದೆರಡು ಗಂಟೆ ಬಿಟ್ಟು ಉದ್ದನೆ ಸ್ಕ್ರೂಡ್ರೈವರ್ ಒಂದನ್ನು ಮಣ್ಣಿಗೆ ಒತ್ತಿ. ನಾಲ್ಕು ಬೆರಳು ಆಳ ಸಲೀಸಾಗಿ ಇಳಿದರೆ ನೀರು ಬೇರಿಗೆ ಸಿಕ್ಕಿದೆ. ಒಣಗಿ ಕಲ್ಲಾದ ಕೆಮ್ಮಣ್ಣು ಮೊದಲ ಸಲ ನೀರು ಕುಡಿಯುವುದಿಲ್ಲ, ನೀರೆಲ್ಲ ಕಾಂಪೌಂಡಿನ ಕಡೆ ಹರಿಯುತ್ತದೆ. ಆಗ ಹತ್ತು ನಿಮಿಷ ಹಾಕಿ, ಅರ್ಧ ಗಂಟೆ ಬಿಟ್ಟು, ಮತ್ತೆ ಹಾಕಿ. ಮುಂದಿನ ನೀರು ಯಾವಾಗ ಅನ್ನುವುದಕ್ಕೆ ಕ್ಯಾಲೆಂಡರ್‌ಗಿಂತ ಕಾಲು ವಾಸಿ. ಹುಲ್ಲಿನ ಮೇಲೆ ನಡೆದು ತಿರುಗಿ ನೋಡಿ. ಹೆಜ್ಜೆ ಗುರುತು ಏಳದೆ ಹಾಗೇ ಉಳಿದರೆ, ಬಣ್ಣ ಕೊಂಚ ಬೂದುನೀಲಿಗೆ ತಿರುಗಿದ್ದರೆ ಬಾಯಾರಿದೆ ಅಂತ.

ಹೊತ್ತು ಯಾವುದು? ಬೆಳಗ್ಗೆ 5ರಿಂದ 8ರ ಒಳಗೆ. ಹನಿ ಭೂತಗನ್ನಡಿಯ ಹಾಗೆ ಕಾಯಿಸಿ ಎಲೆ ಸುಡುತ್ತದೆ ಅನ್ನುವ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳುತ್ತಿದ್ದೇನೆ. ಹಂಗೆರಿಯ ವಿಜ್ಞಾನಿಗಳು 2010ರಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ನಯವಾದ ಎಲೆಯ ಮೇಲೆ ಕೂತ ನೀರ ಹನಿ ಎಲೆಯನ್ನು ಸುಡಲಿಲ್ಲ. ರೋಮ ಇರುವ ಎಲೆಗಳಲ್ಲಿ ಮಾತ್ರ ಹಾಗಾಗುವ ಸಾಧ್ಯತೆ ಕಂಡಿತು. ಸಂಜೆ ಹಾಕಿದರೆ ಲಾನ್ ಸಾಯುವುದೇನಿಲ್ಲ. ಆದರೆ ನಮ್ಮೂರ ರಾತ್ರಿ ತಂಪು, ಇಬ್ಬನಿ ಬೇರೆ. ಎಲೆ ರಾತ್ರಿಯಿಡೀ ಒದ್ದೆ ಇದ್ದರೆ ಶಿಲೀಂಧ್ರ ರೋಗಕ್ಕೆ ನಾವೇ ಬಾಗಿಲು ತೆಗೆದಂತೆ.

ಗಡಸು ನೀರಿನ ಬಗ್ಗೆ ತುಂಬಾ ತಲೆಕೆಡಿಸಿಕೊಳ್ಳಬೇಡಿ. ಸುಣ್ಣದ ಅಂಶದ ಗಡಸು ನೀರನ್ನು ಹುಲ್ಲು ತಡೆದುಕೊಳ್ಳುತ್ತದೆ. ಅದನ್ನು ಮೆದು ಮಾಡಲು ಮನೆಯಲ್ಲಿ ಸಾಫ್ಟ್‌ನರ್ ಹಾಕಿಸಿದ್ದರೆ ಆ ನೀರನ್ನು ಲಾನಿಗೆ ಬಿಡಬೇಡಿ. ಅದರಲ್ಲಿ ಸುಣ್ಣದ ಬದಲು ಸೋಡಿಯಂ ಬಂದಿರುತ್ತದೆ, ಮಣ್ಣು ಕೆಡುವುದು ಅದರಿಂದ. ಸಾಫ್ಟ್‌ನರ್ ತೊಳೆದ ಉಪ್ಪು ನೀರಂತೂ ಹತ್ತಿರವೂ ಬರಬಾರದು. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನೂ ಅದೊಂದನ್ನೇ ದಿನಾ ಹಾಕುವುದು ಬೇಡ.

ಈಗ ಗೇಟಿನ ಪಕ್ಕದ ಜಾಗ. ಪ್ರತಿ ವರ್ಷ ಅದೇ ಜಾಗ, ಅದೇ ಆಕಾರ, ಎಲ್ಲಕ್ಕಿಂತ ಮೊದಲು. ಇದನ್ನು ಓದಿದ ಕೂಡಲೇ ನನ್ನ ಅನುಮಾನ ಹುಳದ ಮೇಲೆ ಹೋಗಲಿಲ್ಲ, ಗಾರೆ ಕೆಲಸದವರ ಮೇಲೆ ಹೋಯಿತು. ಹೊಸ ಮನೆಗಳಲ್ಲಿ ಇದು ಮಾಮೂಲು. ಗೇಟಿನ ಹತ್ತಿರ ಸಿಮೆಂಟ್ ಕಲಸುತ್ತಾರೆ, ಜಲ್ಲಿ ರಾಶಿ ಹಾಕುತ್ತಾರೆ. ಕೆಲಸ ಮುಗಿದ ಮೇಲೆ ಅದರ ಮೇಲೇ ಒಂದು ಪದರ ಕೆಮ್ಮಣ್ಣು ಎಳೆದು ಹುಲ್ಲು ನೆಡುತ್ತಾರೆ. ಮಳೆಗಾಲದಲ್ಲಿ ಎರಡು ಇಂಚು ಮಣ್ಣಿದ್ದರೂ ಹುಲ್ಲು ನಗುನಗುತ್ತಾ ಇರುತ್ತದೆ. ಬೇಸಿಗೆಯಲ್ಲಿ ಗುಟ್ಟು ಬಯಲಾಗುತ್ತದೆ.

ಆ ಜಾಗದ ನಡುವೆ ಒಂದು ಕಡೆ ಹಳೇ ಚಾಕುವಿನಿಂದ ಮೂರು ಬದಿ ಕೊಯ್ದು, ಹುಲ್ಲನ್ನು ಮುಚ್ಚಳದ ಹಾಗೆ ಎತ್ತಿ. ಕೆಳಗೆ ಒಂದು ಗೇಣು ಅಗೆಯಿರಿ. ಬೂದು ಬಣ್ಣದ ಗಟ್ಟಿ ಪದರ, ಜಲ್ಲಿ, ಇಟ್ಟಿಗೆ ಚೂರು ಸಿಕ್ಕಿದರೆ ಇಷ್ಟು ವರ್ಷದ ಒಗಟು ಬಿಡಿಸಿದಂತೆ. ಎಷ್ಟು ಯೂರಿಯಾ ಹಾಕಿದರೂ ಅದು ಸರಿಹೋಗಲ್ಲ. ಅಷ್ಟು ಜಾಗವನ್ನು ಒಂದು ಗೇಣು ಆಳ ತೆಗೆಸಿ, ಒಳ್ಳೆ ಮಣ್ಣು ತುಂಬಿಸಲೇಬೇಕು. ಏನೂ ಸಿಗದೆ ಬರೀ ಗಟ್ಟಿ ಮಣ್ಣಿದ್ದರೆ ಕಾರು ತಿರುಗಿಸುವಾಗ ಚಕ್ರ ಅಲ್ಲಿ ಹತ್ತುತ್ತದಾ ನೋಡಿ. (ಮನೆಯಲ್ಲಿ ನಾಯಿ ಇದ್ದರೆ ಇನ್ನೊಂದು ಸಾಧ್ಯತೆ ಇದೆ. ತಟ್ಟೆಯಗಲ ಗುಂಡಗೆ ಒಣಗಿ ಸುತ್ತ ಕಡು ಹಸಿರು ಉಂಗುರ ಇದ್ದರೆ ಅದು ನಾಯಿ ಮೂತ್ರದ ಗುರುತು.)

ಯೂರಿಯಾ ವಿಷಯ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಒಂದು ಸಲಕ್ಕೆ ಚದರ ಮೀಟರಿಗೆ ಹತ್ತು ಗ್ರಾಂ ಯೂರಿಯಾ ಮೇಲ್ಮಿತಿ. ನಿಮ್ಮ ಲಾನಿಗೆ ಅರ್ಧ ಕೆಜಿ ಸಾಕಿತ್ತು, ಅದೂ ಹಸಿ ಇರುವ ಕಾಲದಲ್ಲಿ. ಎರಡು ಕೆಜಿ ಒಣ ಮಣ್ಣಿಗೆ ಬಿದ್ದರೆ ಅದು ಬೇರಿನಿಂದಲೇ ನೀರು ಎಳೆದುಕೊಳ್ಳುತ್ತದೆ. ನೀವು ನೋಡುತ್ತಿರುವ ಸುಟ್ಟ ತುದಿ ಅದೇ. ಈಗ ಮಾಡಬೇಕಾದ್ದು ಒಂದೇ. ಕಾಳು ಇನ್ನೂ ಕಾಣುತ್ತಿದ್ದರೆ ಗುಡಿಸಿ ತೆಗೆದು, ಒಂದು ಸಲ ಧಾರಾಳವಾಗಿ, 25 ಮಿಲಿಮೀಟರಿನಷ್ಟು ನೀರು ಕೊಟ್ಟು ಕೆಳಗೆ ಇಳಿಸಿ. ಮಳೆ ಬರುವ ತನಕ ಬೇರೆ ಯಾವ ಗೊಬ್ಬರವೂ ಬೇಡ.

ಗೊಣ್ಣೆ ಹುಳು ಅನ್ನುವ ಪಕ್ಕದ ಮನೆಯವರ ಮಾತು ಸುಳ್ಳೇನಲ್ಲ, ಕಾಲ ಮಾತ್ರ ಹೊಂದುವುದಿಲ್ಲ. ನಮ್ಮ ಕಡೆ ಇದರ ದುಂಬಿಗಳು ಮುಂಗಾರಿನ ಮೊದಲ ಮಳೆಗಳಿಗೆ ಮಣ್ಣಿನಿಂದ ಎದ್ದು ಬರುತ್ತವೆ. ಮೊಟ್ಟೆ ಇಟ್ಟು, ಮರಿ ಹುಳು ಬೇರು ತಿನ್ನುವುದು ಮಳೆಗಾಲದಲ್ಲಿ. ಮಾರ್ಚ್‌ನ ಕಲೆಗೆ ಅದು ಕಾರಣ ಆಗುವುದು ಕಡಿಮೆ. ಎಳೆದಾಗ ಹುಲ್ಲು ಎದ್ದು ಬರದಿದ್ದರೆ, ಅಗೆದಾಗ ಇಂಗ್ಲಿಷಿನ ಸಿ ಅಕ್ಷರದಂತೆ ಮುದುರಿದ ಬಿಳಿ ಹುಳು ಚದರ ಅಡಿಗೆ ನಾಲ್ಕೈದು ಸಿಗದಿದ್ದರೆ ಔಷಧಿ ಸುಮ್ನೆ ದಂಡ. ಮಣ್ಣಿನಲ್ಲಿರುವ ಎರೆಹುಳು ಸಾಯುತ್ತದೆ, ಅಷ್ಟೇ ಲಾಭ. ಗೆದ್ದಲು ಕಂಡರೂ ಗಾಬರಿ ಬೇಡ. ಲಾನಿನಲ್ಲಿ ಅದು ಹೆಚ್ಚಾಗಿ ಒಣಗಿದ ಹುಲ್ಲನ್ನೇ ತಿನ್ನುತ್ತದೆ. ಚೆನ್ನಾಗಿ ನೀರು ಕೊಟ್ಟರೆ ಜಾಗ ಖಾಲಿ ಮಾಡುತ್ತದೆ.

ಇನ್ನು ಮಾಲಿಯ ಸಲಹೆ. ಅವನನ್ನು ಬೈಯಬೇಡಿ. ಬೇಸಿಗೆ ಕೊನೆಯಲ್ಲಿ ಲಾನ್ ಕೆರೆದು, ನೀರು ಕಟ್ಟಿ, ಮೇಲೆ ಮಣ್ಣುಗೊಬ್ಬರ ಕೊಡುವುದು ಗರಿಕೆ ಲಾನುಗಳಿಗೆ ನಮ್ಮ ದೇಶದಲ್ಲಿ ಹಳೇ ಪದ್ಧತಿ. ಗರಿಕೆ ನೆಲದೊಳಗಿಂದ ಕೆಲವೇ ವಾರಗಳಲ್ಲಿ ಎದ್ದು ಬರುತ್ತದೆ. ಜೋಯ್ಸಿಯಾ ಹಾಗಲ್ಲ, ಅದು ನಿಧಾನಿ. ಈಗ ಕೆರೆದರೆ ಮತ್ತೆ ತುಂಬಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಮೇ ಮೊದಲ ವಾರ ನಿಮ್ಮ ಬೀಗರು ಕೆಮ್ಮಣ್ಣಿನ ಮೇಲೆ ಕುರ್ಚಿ ಹಾಕಿಕೊಂಡು ಕೂರಬೇಕಾಗುತ್ತದೆ. ಜೊತೆಗೆ ಕಳಿಯದ ಸಗಣಿ ಗೊಬ್ಬರದಲ್ಲಿ ಹುಳು ಬರುತ್ತದೆ, ಎಲ್ಲಿಂದಲೋ ತಂದ ಮಣ್ಣಿನಲ್ಲಿ ಕೊನ್ನಾರಿ ಗಡ್ಡೆ, ಕಾಂಗ್ರೆಸ್ ಗಿಡದ ಬೀಜ ಬರುತ್ತದೆ. ಕೊನ್ನಾರಿ ಒಮ್ಮೆ ಹೊಕ್ಕರೆ ನೀವು ಮನೆ ಮಾರಬಹುದು, ಅದು ಹೋಗಲ್ಲ. ಮೇಲ್ಮಣ್ಣು ಕೊಡುವುದೇ ಇದ್ದರೆ ಜೂನ್‌ನಲ್ಲಿ ಕೊಡಿ. ಜರಡಿ ಹಿಡಿದ ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಕಾಲು ಇಂಚಿಗಿಂತ ದಪ್ಪ ಬೇಡ. ಅದಕ್ಕೆ ಮುಂಚೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಗೆ ವಿಚಾರಿಸಿದರೆ ಏನು ಕಮ್ಮಿ ಇದೆ ಅಂತ ಗೊತ್ತಾಗುತ್ತದೆ. ಗೊತ್ತಿಲ್ಲದೆ ಹಾಕುವುದಕ್ಕಿಂತ ಅದು ವಾಸಿ.

ಕತ್ತರಿಸುವುದರಲ್ಲೂ ಒಂದು ಮಾತು. ಈಗ ಬೋಳು ಹೊಡೆಸಬೇಡಿ. ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಸಲ ತೆಗೆಯಬಾರದು. ಎರಡು ಇಂಚಿನ ಹತ್ತಿರ ಉಳಿಸಿದರೆ ಎಲೆಯ ನೆರಳು ಮಣ್ಣಿನ ಮೇಲೆ ಬಿದ್ದು ತೇವ ಉಳಿಯುತ್ತದೆ. ಬ್ಲೇಡು ಹರಿತ ಇರಲಿ. ಮೊಂಡು ಬ್ಲೇಡು ಹುಲ್ಲನ್ನು ಹರಿಯುತ್ತದೆ, ಹರಿದ ತುದಿ ಬೆಳ್ಳಗಾಗುತ್ತದೆ. ಜನ ಅದನ್ನೂ ರೋಗ ಅಂದುಕೊಳ್ಳುತ್ತಾರೆ. ಕಳೆನಾಶಕ ಈ ಸೆಕೆಯಲ್ಲಿ ಬೇಡವೇ ಬೇಡ, ಕೈಯಲ್ಲಿ ಕೀಳಿ. ಮೆಕ್ಸಿಕನ್ ನಡುವೆ ಗರಿಕೆ ನುಗ್ಗಿದೆ ಅಂತ ಕೆಲವರು ಕೂತು ಕೀಳಿಸುತ್ತಾರೆ. ನನ್ನನ್ನು ಕೇಳಿದರೆ ಇರಲಿ ಬಿಡಿ. ಬರಗಾಲದಲ್ಲಿ ಹಸಿರು ಉಳಿಸುವುದು ಅದೇ, ಗಣೇಶನ ಹಬ್ಬಕ್ಕೂ ಆಗುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ನೀರು ಇದ್ದರೆ ಮೇಲೆ ಹೇಳಿದಂತೆ ವಾರಕ್ಕೆರಡು ಸಲ ಆಳಕ್ಕೆ ನೀರು ಕೊಡಿ. ಬುಡದಲ್ಲಿ ಜೀವ ಇದ್ದ ಜಾಗಗಳು ಮೂರ್ನಾಲ್ಕು ವಾರದಲ್ಲಿ ಹಸಿರಾಗುತ್ತವೆ. ಏಪ್ರಿಲ್‌ನ ರಾತ್ರಿ ಚಳಿಗಾಲದಷ್ಟು ತಣ್ಣಗಿರದ ಕಾರಣ ಹುಲ್ಲೂ ಸಹಕರಿಸುತ್ತದೆ. ಅಪಾಯ ಅಂದರೆ ನಡುವೆ ಬೋರ್ ಕೈಕೊಡುವುದು. ಅರ್ಧ ಚಿಗುರಿಸಿ ನಿಲ್ಲಿಸಿದರೆ ಹುಲ್ಲಿಗೆ ಸುಮ್ಮನೆ ಮಲಗಿದ್ದಕ್ಕಿಂತ ಹೆಚ್ಚು ಪೆಟ್ಟು.

ನಿಶ್ಚಿತಾರ್ಥ ಇಲ್ಲದಿದ್ದರೆ ನಾನು ಹೇಳುತ್ತಿದ್ದುದೇ ಬೇರೆ. ಲಾನನ್ನು ಮಲಗಲು ಬಿಡಿ, ಎರಡು ಮೂರು ವಾರಕ್ಕೊಮ್ಮೆ ಬುಡ ಸಾಯದಷ್ಟು, ಹತ್ತು ಹನ್ನೆರಡು ಮಿಲಿಮೀಟರ್ ನೀರು ಕೊಡಿ, ಯಾರೂ ಮೇಲೆ ಆಡದಂತೆ ನೋಡಿಕೊಳ್ಳಿ ಅನ್ನುತ್ತಿದ್ದೆ. ಮೂರು ವರ್ಷದ ಲಾನ್ ಅಷ್ಟನ್ನು ತಡೆದುಕೊಳ್ಳುತ್ತದೆ. ಈ ವರ್ಷ ನೆಟ್ಟ ಹುಲ್ಲಿಗೆ ಮಾತ್ರ ಈ ಪ್ರಯೋಗ ಬೇಡ. ಟ್ಯಾಂಕರ್ ತರಿಸಿ ಲಾನಿಗೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ. ಬೀದಿಯಲ್ಲಿ ಕುಡಿಯುವ ನೀರಿಗೆ ಕೊಡ ಇಟ್ಟಿರುವಾಗ ಅದು ನೋಡಲೂ ಚೆನ್ನಾಗಿರಲ್ಲ.

ರಿಪೇರಿ ಮಳೆ ಬಿದ್ದ ಮೇಲೆ ಅಂದಿದ್ದೆ, ನಿಶ್ಚಿತಾರ್ಥ ಇರುವುದರಿಂದ ಇದೊಂದಕ್ಕೆ ವಿನಾಯಿತಿ: ಪೂರ್ತಿ ಸತ್ತ ಜಾಗ, ಗೇಟಿನ ಪಕ್ಕದ ಜಾಗ ಇವಕ್ಕೆ ಹುಲ್ಲಿನ ಹಾಸು ತಂದು ಕೂರಿಸಬಹುದು. ಏಪ್ರಿಲ್ ಎರಡನೇ ವಾರದೊಳಗೆ ಆಗಿಬಿಡಲಿ. ಬೇರು ಹಿಡಿಯಲು ಎರಡು ಮೂರು ವಾರ ಬೇಕು, ಆ ದಿನಗಳಲ್ಲಿ ಆ ತುಂಡುಗಳಿಗೆ ಮಾತ್ರ ದಿನಾ ನೀರು. ಕೆಳಗಿನ ಗಾರೆ ತೆಗೆಯದೆ ಮೇಲೆ ಹಾಸಿದರೆ ದುಡ್ಡು ಮಣ್ಣುಪಾಲು. ತರುವಾಗ ಇರುವ ಹುಲ್ಲನ್ನೇ ಒಂದು ತುಂಡು ಕಿತ್ತು ತೋರಿಸಿ ಅದೇ ಜಾತಿ ತನ್ನಿ. ಇಲ್ಲದಿದ್ದರೆ ತೇಪೆ ಹಾಕಿದ್ದು ವರ್ಷಗಟ್ಟಲೆ ಕಾಣುತ್ತದೆ.

ಪ್ಲಾಸ್ಟಿಕ್ ಹುಲ್ಲಿಗೆ ನೀರು ಬೇಡ, ನಿಜ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಆಮೇಲೆ ತೀರ್ಮಾನ ಮಾಡಿ. ಅದು ನಿಜವಾದ ಹುಲ್ಲಿಗಿಂತ ತುಂಬಾ ಜಾಸ್ತಿ ಕಾಯುತ್ತದೆ. ಕೆಲ ವರ್ಷಕ್ಕೆ ಹರಿದು ಕಸವೂ ಆಗುತ್ತದೆ. ನೀರಿನ ಕಷ್ಟ ಪ್ರತಿ ವರ್ಷದ್ದೇ ಆದರೆ ಮಳೆಗಾಲದಲ್ಲಿ ಲಾನನ್ನೇ ಚಿಕ್ಕದು ಮಾಡಿ. ಗೇಟಿನ ಕಡೆ, ಮರದ ನೆರಳಿನ ಕಡೆ ಕಲ್ಲು ಚಪ್ಪಡಿ ಹಾಕಿಸಿ, ಸಂದಿಯಲ್ಲಿ ಹಳದಿ ಹೂ ಬಿಡುವ ಪಿಂಟೋಯಿ ಬಳ್ಳಿ ಬಿಡಿ. ಕಡಲೆಕಾಯಿ ಜಾತಿಯ ಆ ಬಳ್ಳಿ ಮಲೆನಾಡಿನ ಮನೆಗಳಲ್ಲಿ ಈಗ ಚೆನ್ನಾಗಿ ಬರುತ್ತಿದೆ. ನಡುವೆ 300 ಚದರ ಅಡಿ ಹುಲ್ಲು ಉಳಿಸಿಕೊಂಡರೆ ನೀರು ಅರ್ಧಕ್ಕೆ ಇಳಿಯುತ್ತದೆ.

ಕೊನೆಗೆ ನಿಶ್ಚಿತಾರ್ಥದ ಸಿದ್ಧತೆ. ಹಿಂದಿನ ವಾರ ಕತ್ತರಿಸಬೇಡಿ. ಎರಡು ದಿನ ಮುಂಚೆ ಕೊನೆಯ ನೀರು ಕೊಟ್ಟು ನಿಲ್ಲಿಸಿ, ಹಸಿ ಮಣ್ಣಿನ ಮೇಲೆ ಕುರ್ಚಿ ಕಾಲು ಇಳಿಯುತ್ತದೆ, ಮಣ್ಣೂ ಗಟ್ಟಿಯಾಗುತ್ತದೆ. ಶಾಮಿಯಾನ ಕಂಬದ ಗುಂಡಿ ಲಾನಿನ ಹೊರಗೆ ಇರಲಿ. ನೆಲಕ್ಕೆ ಹಾಸುವ ಕಾರ್ಪೆಟ್ಟನ್ನು ಅವತ್ತೇ ಬೆಳಗ್ಗೆ ಹಾಸಿ, ಸಂಜೆಯೇ ಎತ್ತಿಸಿ. ಕೆಳಗೆ ಪ್ಲಾಸ್ಟಿಕ್ ಶೀಟು ಹಾಕಲು ಬಿಡಬೇಡಿ, ಬಿಸಿಲಿಗೆ ಹುಲ್ಲು ಬೆಂದುಹೋಗುತ್ತದೆ. ಅಡುಗೆಯವರ ಒಲೆ ಹಿತ್ತಲಲ್ಲಿರಲಿ. ಅನ್ನ ಬಸಿದ ಬಿಸಿ ಗಂಜಿಯನ್ನು ಲಾನಿನ ಅಂಚಿಗೆ ಚೆಲ್ಲಬಾರದು ಅಂತ ಅವರಿಗೆ ಮೊದಲೇ ಹೇಳಿಡಿ.